ಕುರುಗೋಡಿನಲ್ಲಿ ಗೊಲ್ಯಾತ ಎರಡು ಸಲ ಸತ್ತದ್ದು

ಕುರುಗೋಡಿನಲ್ಲಿ ಪವಾಡವೇನೂ ನಡೆಯಲಿಲ್ಲ. ಸತ್ತ ಹುಡುಗ ಎದ್ದು ನಿಂತ, ಅವನಿಗೆ ಟವೆಲ್ ಹೊದಿಸಿದರು, ಮತ್ತೆ ಸತ್ತ. ನಡೆದದ್ದು ಇಷ್ಟೇ. ನಮ್ಮ ಕ್ರೈಸ್ತ ಸಭೆಯಲ್ಲಿ ಈಗ ಕೆಲವರು ಆ ಸಂಗತಿ ಹೇಳುವಾಗ ಕಣ್ಣು ಮುಚ್ಚಿಕೊಂಡು "ಅವತ್ತು ಮೇಲಿನಿಂದ ಇಳಿಯಿತು" ಎನ್ನುತ್ತಾರೆ. ಇಳಿದದ್ದು ನಿಜ. ಕರೂರಿನ ಕಡೆಯ ಬಸ್ಸಿನಿಂದ ಒಬ್ಬ ಸೋದರಮಾವ ಇಳಿದ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ, ನನಗೆ ಗೊತ್ತಿಲ್ಲವೇ?

ಇದಕ್ಕೆಲ್ಲ ಕಾರಣ ನಮ್ಮ ಭಾವನವರು, ನನ್ನ ಗಂಡನ ಅಣ್ಣ. ಅವರಂಥ ಮನುಷ್ಯ ಬಳ್ಳಾರಿಯಲ್ಲಿ ಇನ್ನೊಬ್ಬರಿರಲಿಲ್ಲ. ಇದ್ದಿದ್ದರೆ ಊರು ತಡೆದುಕೊಳ್ಳುತ್ತಿರಲಿಲ್ಲ. ಹೆಸರು ಹೇಳುವುದಿಲ್ಲ. ಭಾವನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಅಲ್ಲದೆ, ಅವರು ಯಾರ ಹೆಸರನ್ನೂ ನೆನಪಿಟ್ಟುಕೊಂಡವರಲ್ಲ, ಅವರ ಹೆಸರನ್ನು ನಾನೊಬ್ಬಳು ಯಾಕೆ ಹೊತ್ತು ತಿರುಗಲಿ?

ಅವರು ದರ್ಜಿ. ಕೌಲ್ ಬಜಾರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವರ ಹೊಲಿಗೆ ಮಿಷನ್ನು. ಮದುವೆ ಮಾಡಿಕೊಂಡಿರಲಿಲ್ಲ. ಮನುಷ್ಯರು ಅವರ ಕಣ್ಣಿಗೆ ಅಳತೆಯಾಗಿ ಕಾಣುತ್ತಿದ್ದರು. ಬೀದಿಯಲ್ಲಿ ಹೋಗುವ ಹುಡುಗನನ್ನು "ಲೇ ಇಪ್ಪತ್ತಾರು, ಇಲ್ಲಿ ಬಾ" ಎಂದು ಕರೆಯುವರು. ಇಪ್ಪತ್ತಾರು ಎಂದರೆ ಅವನ ಸೊಂಟ. ಅದೇ ಹುಡುಗ ಬೆಳೆದು, ಮದುವೆಯಾಗಿ, ಹೊಟ್ಟೆ ಬಿಟ್ಟುಕೊಂಡು ಎದುರು ಬಂದರೆ, "ಏನಪಾ ಇಪ್ಪತ್ತಾರು, ಮೂವತ್ತಾರಾಗಿಯಲ್ಲೋ! ಏನು ಹಾಕ್ತಾಳ ನಿನ್ನ ಹೇಣ್ತಿ?" ಎಂದು ಕೇಳುವರು.

ನಮ್ಮ ಸಭೆಗೆ ಒಬ್ಬ ಸೆಕ್ರೆಟರಿ ಇದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಹಳ ಘನವಾಗಿ ನಡೆಯುತ್ತಿದ್ದರು, ತಲೆಯ ಮೇಲೆ ತುಂಬಿದ ಕೊಡ ಇದ್ದವರ ಹಾಗೆ. ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೊರಗೆ ಬರುತ್ತಿರುವಾಗ ಭಾವನವರು ಅವರನ್ನು ಹಿಡಿದು, "ನಮಸ್ಕಾರ್ರಿ ನಲವತ್ನಾಕು!" ಎಂದುಬಿಟ್ಟರು. ಸೆಕ್ರೆಟರಿಯ ಹೆಂಡತಿ ಪಕ್ಕದಲ್ಲೇ ಇದ್ದಳು. "ಮನ್ಯಾಗ ನಲವತ್ತು ಅಂತ ಹೇಳಿದ್ರಲ್ರೀ?" ಎಂದು ಗಂಡನನ್ನು ಕೇಳಿದಳು. ಸೆಕ್ರೆಟರಿಯವರಿಗೂ ನಮ್ಮ ಭಾವನವರಿಗೂ ಅಂದಿನಿಂದ ಅಷ್ಟಕ್ಕಷ್ಟೇ.

ಭಾವನವರ ಹುಚ್ಚೆಂದರೆ ಬೇಸಿಗೆ ಹಬ್ಬ. ವರ್ಷಕ್ಕೊಂದು ಸಲ, ಮೇ ತಿಂಗಳಲ್ಲಿ, ಹತ್ತು ದಿನ. ನಮ್ಮ ಸಭೆಗಳ ಹದಿಮೂರರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳನ್ನೆಲ್ಲ ಒಂದು ಕಡೆ ಕೂಡಿಸಿ ಹಾಡು, ಆಟ, ವೇದಪಾಠ (ಬೈಬಲ್ಲಿಗೆ ನಾವು ವೇದ ಎನ್ನುತ್ತೇವೆ), ಕೊನೆಯ ದಿನ ನಾಟಕ. ಒಂದು ವರ್ಷ ಬಳ್ಳಾರಿ, ಒಂದು ವರ್ಷ ಸಿರುಗುಪ್ಪ, ಒಂದು ವರ್ಷ ಕುರುಗೋಡು, ಹೀಗೆ ಸುತ್ತು.

ಮೇ ತಿಂಗಳು! ಬಳ್ಳಾರಿ ಸೀಮೆಯಲ್ಲಿ! ಬುದ್ಧಿ ಇದ್ದವರು ಯಾರಾದರೂ ಮಾಡುತ್ತಾರೆಯೇ? ಹಗಲೆಲ್ಲ ಕಾದ ಕಲ್ಲುಗುಡ್ಡ ರಾತ್ರಿಯೆಲ್ಲ ನಮ್ಮ ಮೇಲೆ ಉಸಿರು ಬಿಡುವ ತಿಂಗಳು. ಕಾಗೆಗಳು ನಲ್ಲಿಯ ಕೆಳಗೆ ಬಾಯಿ ತೆರೆದು ಕೂತಿರುತ್ತವೆ. ಆದರೆ ಭಾವನವರ ಲೆಕ್ಕಾಚಾರ ಬೇರೆ. ಹಿಂದೆ ನಮ್ಮ ಸಭೆಯ ಬಿಳಿ ಪಾದ್ರಿ ದೊರೆಗಳು ಸೆಕೆ ತಾಳದೆ ಮೇ ತಿಂಗಳಲ್ಲಿ ಬೆಟ್ಟದ ಊರುಗಳಿಗೆ ಹೋಗಿಬಿಡುತ್ತಿದ್ದರು. ಕಾಂಪೌಂಡು ಖಾಲಿ, ಸಾಲಿ ಖಾಲಿ, ಕೇಳುವವರಿಲ್ಲ. ಆಗ ಶುರು ಮಾಡಿದ್ದು. ದೊರೆಗಳು ದೇಶ ಬಿಟ್ಟು ಹೋದ ಮೇಲೂ ತಿಂಗಳು ಮಾತ್ರ ಬದಲಾಗಲಿಲ್ಲ.

ಬರುತ್ತಿದ್ದವರು ಯಾರು? ಸಿರಿಗೇರಿಯಲ್ಲಿ ನಾಲ್ಕು ಮನೆ, ಕರೂರಿನಲ್ಲಿ ಮೂರು ಮನೆ, ಹೀಗೆ ಹಳ್ಳಿಹಳ್ಳಿಗೆ ಚೆದುರಿದ ನಮ್ಮವರ ಮಕ್ಕಳು. ವರ್ಷವೆಲ್ಲ ಸಸಿ ನಾಟುವವರು, ಕಳೆ ಕೀಳುವವರು, ಎಮ್ಮೆ ಕಾಯುವವರು. ಹಬ್ಬದಲ್ಲಿ ಭಾವನವರ ಕಾನೂನು ಒಂದೇ: ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಮಾಡಬಾರದು. ಹಾಗಾಗಿ ಹುಡುಗರು ಜೋಳದ ರೊಟ್ಟಿ ಬಡಿಯಬೇಕು, ಹುಡುಗಿಯರು ಮದ್ದಲೆ ಬಾರಿಸಬೇಕು. ಮೊದಲ ದಿನದ ರೊಟ್ಟಿಗಳನ್ನು ನೋಡಬೇಕಿತ್ತು! ಒಂದು ಆಂಧ್ರದ ನಕ್ಷೆಯ ಹಾಗೆ, ಇನ್ನೊಂದು ಸಿಲೋನಿನ ಹಾಗೆ. ಮದ್ದಲೆಯ ಸದ್ದಿಗೆ ಬೀದಿನಾಯಿಗಳು ಸತ್ಯನಾರಾಯಣಪೇಟೆಯ ಕಡೆಗೆ ವಲಸೆ ಹೋಗುತ್ತಿದ್ದವು.

ಸಿರಿಗೇರಿಯ ಒಬ್ಬ ತಾಯಿ ಜಗಳಕ್ಕೇ ಬಂದಿದ್ದಳು. "ಯಪ್ಪಾ, ನನ್ನ ಮಗ ರೊಟ್ಟಿ ಬಡಿಯಾಕ ಕಲ್ತು ಬಂದ್ರ ಅವಗ ಹೆಣ್ಣು ಯಾರು ಕೊಡ್ತಾರ?"

"ಅವ್ವಾ, ರೊಟ್ಟಿ ಬಡಿಯೋ ಗಂಡು ಐತಿ ಅಂತ ಒಂದು ಮಾತು ಹೊರಗ ಬಿಡು. ಹೆಣ್ಣಿನವ್ರು ನಿನ್ನ ಬಾಗಲಾಗ ಸಾಲು ಹಚ್ಚಿ ನಿಂದ್ರತಾರ."

ಆಕೆ, "ಹಂಗಾದ್ರ ಸಾರು ಮಾಡಾದೂ ಕಲಸ್ರಿ" ಎಂದು ಹೇಳಿ ಹೋದಳು.

ಇದೆಲ್ಲ ಸರಿ. ನನ್ನ ತಕರಾರು ಬಟ್ಟೆಯದು. ನಾಟಕಕ್ಕೆ ವೇಷ ಬೇಕು, ವೇಷಕ್ಕೆ ಬಟ್ಟೆ ಬೇಕು. ಎಲ್ಲಿಂದ ಬರಬೇಕು? ಗಿರಾಕಿಗಳ ತುಂಡುಗಳು ಸಾಲದಿದ್ದರೆ ನನ್ನ ಟ್ರಂಕಿಗೇ ಕೈ. ಅಂಗಳದಲ್ಲಿ ಒಣಹಾಕಿದ್ದು ಒಣಗುವ ಮೊದಲೇ ಯಾವನೋ ಪ್ರವಾದಿಯ ನಿಲುವಂಗಿಯಾಗುತ್ತಿತ್ತು. ಭಾವನ ಎದುರು ನಿಂತು ಮಾತಾಡುವುದು ತಮ್ಮನ ಹೆಂಡತಿಗೆ ಮರ್ಯಾದೆಯಲ್ಲ. ಹಾಗೆಂದು ಬೈಯದೆ ಇರಲಾಗುತ್ತದೆಯೇ? ನಡುವೆ ಮಗಳನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದೆ.

"ನಿಮ್ಮ ದೊಡ್ಡಪ್ಪಗ ಕೇಳು, ನನ್ನ ಹೊಸಾ ಚಾದರ ಎಲ್ಲಿ ಹೋತು ಅಂತ."

"ನಿಮ್ಮವ್ವಗ ಹೇಳು, ಅದು ಚಾದರ ಅಲ್ಲ, ಯೊರ್ದನ್ ಹೊಳಿ."

"ಹೊಳಿ ತಿರುಗಿ ಮನಿಗೆ ಯಾವಾಗ ಬರ್ತೈತಿ ಕೇಳು."

"ಹೊಳಿ ಎಲ್ಲ್ಯರ ಹಿಂದಕ ಹರೀತೈತೇನು ಅಂತ ಕೇಳು."

"ಯೊರ್ದನ್ ಹಿಂದಕ ಹರೀತು ಅಂತ ವೇದದಾಗ ಐತಿ. ಓದಾಕ ಬರ್ತೈತಿಲ್ಲ ಅವರಿಗೆ? ಓದು ಅಂತ ಹೇಳು!"

ಮಗಳು ಒಂದು ಮಾತನ್ನೂ ಆ ಕಡೆಯಿಂದ ಈ ಕಡೆಗೆ ಸಾಗಿಸಲಿಲ್ಲ. ಸಾಗಿಸುವ ಅಗತ್ಯವೇನಿತ್ತು? ನಾವಿಬ್ಬರೂ ಕೂಗಿದ್ದು ಬೀದಿಗೆಲ್ಲ ಕೇಳುತ್ತಿತ್ತು. ಭಾವನವರು ಮಿಷನ್ ನಿಲ್ಲಿಸಿ, ವೇದ ತೆರೆದು, ಹುಡುಕಿ ಓದಿ, ತಲೆ ಕೆರೆದುಕೊಂಡರು. ಅಂದು ಸಂಜೆ ನನ್ನ ಚಾದರ ವಾಪಸ್ ಬಂತು. ಅರ್ಧ. ಇನ್ನರ್ಧ ಅದಾಗಲೇ ಸ್ನಾನಿಕನಾದ ಯೋಹಾನನ ಮೈಮೇಲಿತ್ತು.

ನಾಟಕ ಎಂದೆನಲ್ಲ, ಅದು ನೀವು ತಿಳಿದಂಥ ನಾಟಕವಲ್ಲ. ಭಾವನವರು ಚಿಕ್ಕಂದಿನಿಂದ ಹಳ್ಳಿಗಳ ಬಯಲಾಟ ನೋಡಿದವರು. ಕಿರೀಟ, ಭುಜಕೀರ್ತಿ, ಕುಣಿತ, "ಯಾರು ನೀನು, ನಿನ್ನ ಊರಾವುದು" ಎಂದು ಪ್ರತಿ ವೇಷವನ್ನೂ ಕೇಳುವ ಸಾರಥಿ, ಇವೆಲ್ಲ ಇಲ್ಲದಿದ್ದರೆ ಅವರಿಗೆ ಅದು ಆಟವೇ ಅಲ್ಲ. ಆದ್ದರಿಂದ ವೇದದ ಕಥೆಗಳನ್ನೆಲ್ಲ ಬಯಲಾಟ ಮಾಡಿಬಿಟ್ಟರು. ನಮ್ಮ ನೋಹನು ನಾವೆಯೊಳಗೆ ಸುಮ್ಮನೆ ಹತ್ತುವವನಲ್ಲ. ಮೀಸೆ ತಿರುವಿ ಮೂರು ಸುತ್ತು ಕುಣಿದೇ ಹತ್ತಬೇಕು. ಬಳ್ಳಾರಿಯಲ್ಲಿ ಆ ಆಟ ಆಡಿದಾಗ ಸಾರಥಿ "ನಲವತ್ತು ಹಗಲು ನಲವತ್ತು ರಾತ್ರಿ ಮಳೆ ಸುರಿಯುವುದಯ್ಯಾ!" ಎಂದ ಕೂಡಲೇ ನೋಡುತ್ತಿದ್ದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನಿಂದ ಒಬ್ಬ ಮುದುಕ, "ಬಂಡಿ ಕಟ್ಟಿ ಕಳಿಸ್ತೀನಿ, ಆ ನೋಹಪ್ಪನ್ನ ನಮ್ಮೂರಿಗೂ ಕಳಸ್ರಿ!" ಎಂದು ಕೂಗಿದ. ಜಲಪ್ರಳಯ ಎಂದರೆ ಶಿಕ್ಷೆ ಎಂದು ಬಳ್ಳಾರಿಯವರಿಗೆ ತಿಳಿಸಿ ಹೇಳುವುದು ಹೇಗೆ?

ಸಿರುಗುಪ್ಪದ ವರ್ಷ ಮೋಶೆ ಕೆಂಪು ಸಮುದ್ರವನ್ನು ಇಬ್ಭಾಗ ಮಾಡಿ ತನ್ನ ಜನರನ್ನು ದಾಟಿಸುವ ಕಥೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದಿಲ್ಲವಲ್ಲ, ಬತ್ತಿದ ಕಾಲುವೆಯನ್ನೇ ಭಾವನವರು ಸಮುದ್ರ ಮಾಡಿದರು. "ಮೋಶೆಗೆ ತ್ರಾಸೇ ಇಲ್ಲ, ಸಮುದ್ರ ಮೊದಲೇ ಇಬ್ಭಾಗ ಆಗೇತಿ!" ಎಂದು ಹಿಗ್ಗಿದರು. ಇಸ್ರಾಯೇಲರೇನೋ ಹಾಡುತ್ತ ದಾಟಿದರು. ಹಿಂದೆ ಫರೋಹನ ಸೈನ್ಯ ಬಾಡಿಗೆ ಸೈಕಲ್ಲುಗಳ ಮೇಲೆ ಬಂತು. ಬಂದು ಮುಳುಗಬೇಕು. ಮುಳುಗಲು ನೀರೆಲ್ಲಿ? "ಮಲಗ್ರಲೇ, ಮಲಗ್ರಿ!" ಎಂದು ದಂಡೆಯ ಮೇಲಿನಿಂದ ಭಾವನವರು ಕೂಗಿದರು. ಮಲಗಿದರು. ಮಧ್ಯಾಹ್ನವೆಲ್ಲ ಕಾದ ನೆಲ! ಬೆನ್ನು ತಾಗಿದ್ದೇ ತಡ, ಫರೋಹ "ಯವ್ವಾ ಸತ್ತೆ!" ಎಂದು ಜಿಗಿದೆದ್ದು ಮೋಶೆಗಿಂತ ಮೊದಲು ಆಚೆ ದಡ ಸೇರಿದ. ಅವನ ಹಿಂದೆ ಇಡೀ ಸೈನ್ಯ. ನಮ್ಮ ಫರೋಹನ ದಂಡು ಮುಳುಗಲಿಲ್ಲ, ಹುರಿದುಹೋಯಿತು.

ಇದು ಸೆಕ್ರೆಟರಿಯವರ ಕಿವಿಗೆ ಬಿತ್ತು. ಅವರು ಕಮಿಟಿ ಸೇರಿಸಿದರು. ವೇದದಲ್ಲಿ ಸತ್ತವರು ಇಲ್ಲಿ ಬದುಕುತ್ತಿದ್ದಾರೆ, ಇದು ಹಬ್ಬವೋ ಸಂತೆಯೋ, ಬರುವ ವರ್ಷ ಕುರುಗೋಡಿಗೆ ನಾನೇ ಖುದ್ದಾಗಿ ಬಂದು ನೋಡುತ್ತೇನೆ, ಸರಿ ಕಾಣದಿದ್ದರೆ ಬೇಸಿಗೆ ಹಬ್ಬ ಅಲ್ಲಿಗೇ ಬಂದ್ ಎಂದು ಹೇಳಿಬಿಟ್ಟರು. ಅವರು ಹೇಳಿದ್ದನ್ನು ಮಾಡುವವರು.

ಮನೆಯಲ್ಲಿ ನನ್ನ ಗಂಡ ಅಣ್ಣನಿಗೆ ಬುದ್ಧಿ ಹೇಳಿದರು. "ಹೋಗ್ಲಿ ಬಿಡಣ್ಣ. ಯಾರ್ಯಾರದೋ ಮಕ್ಕಳ ಸಲುವಾಗಿ ವರ್ಷಾ ವರ್ಷಾ ಯಾಕ ಬಡಕೊಂತೀ?"

ಭಾವನವರು ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಹದಿಮೂರು ತುಂಬಿದ ದಿನ ಅಪ್ಪ ನನ್ನ ಈ ಮಿಷನ್ ಮುಂದ ಕುಂದ್ರಿಸಿದ. ಒಂದ್ಸಲ ತಲಿ ಎತ್ತಿ ನೋಡ್ತೀನಿ, ನನಗ ಮೂವತ್ತಾಗಿತ್ತು. ನಡುವಿಂದು ಎಲ್ಲಿ ಹೋತೋ ಗೊತ್ತಿಲ್ಲಪಾ. ಈ ಹುಡುಗ್ರು ಬಂದಾಗ ಅದು ಒಂದೀಟು ಸಿಕ್ಕಂಗ ಆಗತೈತಿ. ಹಬ್ಬ ನಿಂತ್ರ ಅದೂ ಇಲ್ಲ."

"ದೊಡ್ಡಪ್ಪಗ ಊಟಕ್ಕ ಏಳು ಅಂತ ಹೇಳು" ಎಂದು ಮಗಳಿಗೆ ಹೇಳಿ ಒಳಗೆ ಹೋದೆ.

ಕುರುಗೋಡಿಗೆ ದಾವೀದ ಮತ್ತು ಗೊಲ್ಯಾತರ ಕಥೆ ಎಂದು ಗೊತ್ತಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗೊಲ್ಯಾತ ಎಂಬ, ಫಿಲಿಷ್ಟಿಯ ಕುಲದ ರಾಕ್ಷಸನಂಥ ಶೂರ, ಅವನ ಎದುರು ಯಾರೂ ನಿಲ್ಲಲಾರರು, ಕುರಿ ಕಾಯುವ ಪುಟ್ಟ ದಾವೀದ ಕವಣೆ ಬೀಸಿ ಒಂದೇ ಕಲ್ಲಿಗೆ ಅವನನ್ನು ಕೆಡವುತ್ತಾನೆ. ಕೆಡವಿದ ಮೇಲೆ ಕಥೆ ಮುಗಿಯಿತು. "ಈ ಸಲ ತಪ್ಪಾಗಾಕ ಸಾಧ್ಯಾನೇ ಇಲ್ಲ. ಒಂದು ಕಲ್ಲು, ಒಂದು ಹೆಣ" ಎಂದರು ಭಾವನವರು.

ಗೊಲ್ಯಾತನ ಪಾತ್ರಕ್ಕೆ ಕರೂರಿನ ಹುಡುಗ. ಬಾಗಿಲಿಗೆ ಬಗ್ಗಿಯೇ ಬರಬೇಕಾದ ಆಳು. ಕುರುಗೋಡಿನ ಗೌಡರೊಬ್ಬರು ತಮ್ಮ ಮೇಳದ ರಾವಣನ ಕಿರೀಟವನ್ನೇ ಕೊಟ್ಟರು. ಗೌಡರು ಶಿವಭಕ್ತರು, ಹಣೆತುಂಬ ವಿಭೂತಿ. "ನಿಮ್ಮ ಸ್ವಾಮಿ ಆಟಕ್ಕ ನಮ್ಮ ರಾವಣನ ಕಿರೀಟ ಆಗ್ತೈತೇನ್ರಿ?" ಎಂದು ಕೇಳಿದರಂತೆ. "ತಲಿ ಅಳತಿ ಸರಿ ಇದ್ರ ಆಗ್ತೈತ್ರಿ" ಎಂದರಂತೆ ಭಾವನವರು.

ದಾವೀದನಿಗೆ ಸಿರುಗುಪ್ಪದ ಒಬ್ಬ ಸಣ್ಣ ಹುಡುಗನನ್ನು ಹಿಂದಿನ ವರ್ಷವೇ ಗುರುತು ಮಾಡಿ, ಅವನ ಅಳತೆ ತಲೆಯಲ್ಲಿಟ್ಟುಕೊಂಡು ಚಳಿಗಾಲದಿಂದಲೇ ಅಂಗಿ ಹೊಲಿದಿದ್ದರು. ಬೆಲ್‌ಬಾಟಮ್ ಪ್ಯಾಂಟುಗಳ ಕಾಲ ಅದು. ಮಿಕ್ಕ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದ ಕುರುಬರ ನಿಲುವಂಗಿ, ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಹುಡುಗ ಬಂದ. ಮೀಸೆ ಬಂದಿತ್ತು, ಭುಜ ಬಂದಿತ್ತು, ಧ್ವನಿ ಒಡೆದಿತ್ತು. ಅಂಗಿ ಕುತ್ತಿಗೆಯಲ್ಲೇ ನಿಂತಿತು. "ಮೋಸ ಮಾಡಿದ್ಯಲ್ಲೋ ಇಪ್ಪತ್ನಾಕು!" ಎಂದು ಭಾವನವರು ಕೂಗಾಡಿದರು. ಅಂಗಿ ಎಲ್ಲ ಹುಡುಗರ ಮೈಗೂ ಹೋಗಿ ಬಂತು. ಯಾರಿಗೂ ಹಿಡಿಯಲಿಲ್ಲ. ಕೊನೆಗೆ ಹಿಡಿದದ್ದು ಒಬ್ಬಳಿಗೆ, ನನ್ನ ಮಗಳಿಗೆ. ಆಗ ಅವಳಿಗೆ ಹದಿನಾಲ್ಕು.

ಬೇರೆ ಯಾರಾದರೂ ಆಗಿದ್ದರೆ ಅಂಗಿಯನ್ನು ಬಿಚ್ಚಿ ದೊಡ್ಡದು ಮಾಡುತ್ತಿದ್ದರು. ನಮ್ಮ ಭಾವನವರು ದಾವೀದನನ್ನೇ ಬದಲಾಯಿಸಿದರು!

ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವ ಆಟದಲ್ಲಿ ಗಂಡಿನ ಪಾತ್ರಕ್ಕೆ ಹೆಣ್ಣುಹುಡುಗಿ! ಅದೂ ಊರ ಬಯಲಿನಲ್ಲಿ! ಸುದ್ದಿ ನನಗೆ ಮುಟ್ಟಿದ್ದು ಕೊನೆಯ ದಿನ. ನನ್ನ ಗಂಡನಿಗೆ ರೈಲ್ವೆಯಲ್ಲಿ ಪಾಳಿ ಇತ್ತು. ಒಬ್ಬಳೇ ಬಸ್ಸು ಹತ್ತಿದೆ, ಮಗಳನ್ನು ಕೈಹಿಡಿದು ಎಳೆದು ತರುವುದಕ್ಕೇ ಹೊರಟದ್ದು. ಹೋಗಿ ನೋಡಿದರೆ ಅವಳ ಮುಖಕ್ಕೆ ಬಣ್ಣ ಬಳಿದಾಗಿದೆ, ಜಡೆಯನ್ನು ರುಮಾಲಿನೊಳಗೆ ಸುತ್ತಿ ಕಟ್ಟಿದ್ದಾರೆ.

"ಅವ್ವಾ," ಎಂದಳು, "ಒಂದ್ಸಲ ನೋಡು. ನೋಡಿದ ಮ್ಯಾಲ ಹೊಡಿ."

ನ್ಯಾಯವಾದ ಮಾತು. ಕೂತೆ.

ಹೊತ್ತು ಮುಳುಗಿದ ಕೂಡಲೇ ಆಟ ಶುರು. ಪೆಟ್ರೋಮ್ಯಾಕ್ಸ್ ಬೆಳಕು. ನಮ್ಮವರಿಗಿಂತ ಊರಿನ ಜನವೇ ಹೆಚ್ಚು. ಎದುರಿಗೆ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ವೇದ ತೆರೆದಿಟ್ಟುಕೊಂಡು ಸೆಕ್ರೆಟರಿಯವರು ಕೂತಿದ್ದರು. ಒಂದೊಂದು ಮಾತನ್ನೂ ಬೆರಳಿಟ್ಟು ತಾಳೆ ನೋಡುತ್ತಿದ್ದರು. ಭಾವನವರು ಪರದೆಯ ಹಿಂದೆ. ಅವರು ಎಂದೂ ರಂಗದ ಮೇಲೆ ಬಂದವರಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡು ಯಾರ ಗುಂಡಿ ಕಿತ್ತೀತೋ ಎಂದು ಕಾಯುವುದೇ ಅವರ ಪಾತ್ರ.

ಗೊಲ್ಯಾತ ಬಂದ. ಹಲಗೆಗಳು ಕಿರುಗುಟ್ಟಿದವು. ಎಂಥ ಕುಣಿತ! ಊರಿನವರು ಶಿಳ್ಳೆ ಹೊಡೆದರು. ಆಮೇಲೆ ನನ್ನ ಮಗಳು ಬಂದಳು. ಸಾರಥಿ "ಯಾರಯ್ಯಾ ನೀನು?" ಎಂದದ್ದಕ್ಕೆ, "ಕುರಿ ಕಾಯುವವ. ನನ್ನ ಹಿಂದೆ ಇರುವವನು ನಿಮ್ಮ ಕಣ್ಣಿಗೆ ಕಾಣನು" ಎಂದಳು. ಮನೆಯಲ್ಲಿ ನಾಲ್ಕು ಸಲ ಕರೆದರೆ ಒಂದು ಸಲ ಓ ಎನ್ನುವ ಹುಡುಗಿ! ಬಯಲಿನ ಕೊನೆಯವರೆಗೂ ಕೇಳಿಸಿತು. ಕವಣೆ ಬೀಸಿದಳು, ಬಟ್ಟೆಯುಂಡೆಯ ಕಲ್ಲು ಗೊಲ್ಯಾತನ ಹಣೆಗೆ ಬಡಿಯಿತು, ಅವನು ಸರಿಯಾಗಿ ಸತ್ತ. ಸೆಕ್ರೆಟರಿಯವರು ವೇದ ನೋಡಿ ತಲೆಯಾಡಿಸಿದರು. ಹಬ್ಬ ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಹಿಂದೆ ಗದ್ದಲ. ಒಬ್ಬ ಗಡ್ಡದವನು ಹಿತ್ತಾಳೆ ತಟ್ಟೆ ಎತ್ತಿಹಿಡಿದು ಜನರನ್ನು ತುಳಿದುಕೊಂಡು ಬಂದ. ತಟ್ಟೆಯಲ್ಲಿ ಟವೆಲ್ಲು, ಧೋತರ, ಹೂವಿನ ಹಾರ, ಬೆಲ್ಲದ ಅಚ್ಚು. ಗೊಲ್ಯಾತನ ಸೋದರಮಾವ! ಆ ಹುಡುಗನ ತಾಯಿಯ ತವರಿನವರು ನಮ್ಮ ಸಭೆಯವರಲ್ಲ, ಹನುಮಪ್ಪನಿಗೆ ನಡೆದುಕೊಳ್ಳುವವರು. ಅವರಿಗೆ ಗೊತ್ತಿದ್ದದ್ದು ಒಂದೇ: ಅಕ್ಕನ ಮಗ ಪಾತ್ರ ಹಿಡಿದಿದ್ದಾನೆ. ನಮ್ಮ ಸೀಮೆಯ ಬಯಲಾಟದಲ್ಲಿ ಪಾತ್ರ ಹಿಡಿದವನಿಗೆ ನೆಂಟರು ಆಟದ ನಡುವೆಯೇ ರಂಗದ ಮೇಲೆ ಬಂದು ಹೊಸ ಬಟ್ಟೆ ಹೊದಿಸಿ ಆಯೇರ ಮಾಡಬೇಕು. ಮಾಡದಿದ್ದರೆ ತವರಿಗೆ ಅವಮಾನ.

"ಎಲ್ಲಿದಾನ್ರಿ ನಮ್ಮ ಹುಡುಗ?"

"ಸತ್ತಾನ್ರಿ" ಎಂದ ಸಾರಥಿ.

"ಯಾವಾಗ?"

"ಈಗ. ಬೀಡಿ ಹಚ್ಚೋವಷ್ಟು ಹೊತ್ತಾತು."

"ಎಬ್ಬಿಸ್ರಿ! ಆಯೇರ ಮಾಡಿದ ಮ್ಯಾಲ ಸಾಯ್ಲಿ!"

ಬಿದ್ದಲ್ಲಿಂದಲೇ ಗೊಲ್ಯಾತ ಒಂದು ಕಣ್ಣು ತೆರೆದು, "ಮಾವಾ, ಬಸ್ ತಡ ಆತೇನು?" ಎಂದ.

ಸೆಕ್ರೆಟರಿಯವರು ಕುರ್ಚಿಯಿಂದ ಎದ್ದರು. "ಏಳಬ್ಯಾಡ! ವೇದದಾಗ ಏಳಂಗಿಲ್ಲ!"

"ಯಾರ್ರೀ ಇವ್ರು?" ಮಾವ ತಿರುಗಿ ನಿಂತ. "ಕರೂರಿಂದ ಮೂರು ಬಸ್ಸು ಹತ್ತಿಳಿದು ಬಂದೀನಿ. ನೆಲಕ್ಕ ಬಿದ್ದವಗ ಬಟ್ಟಿ ಹೊದಿಸಿದ್ರ ಅದು ಆಯೇರ ಅಲ್ರೀ, ಹೆಣಕ್ಕ ಹೊದಿಸಿದಂಗ! ನಮ್ಮಕ್ಕನ ಮಗ ಬದುಕಿ ಇರಬೇಕ್ರಿ!"

ಇಡೀ ಬಯಲು "ಹೌದ್ಹೌದು, ಎಬ್ಬಿಸ್ರಿ!" ಎಂದಿತು. ಸೆಕ್ರೆಟರಿಯವರು ಪರದೆಯ ಕಡೆಗೆ ತಿರುಗಿ ಕೂಗಿದರು: "ಈ ಫಿಲಿಷ್ಟಿಯನ್ನ ಎಬ್ಬಿಸಿ ಮಕ್ಕಳಿಗೆ ಏನು ಕಲಿಸ್ತೀರಿ? ಸತ್ತು ಎದ್ದವರು ನಮ್ಮ ಸ್ವಾಮಿ ಒಬ್ಬರೇ!"

ಪರದೆಯ ಹಿಂದಿನಿಂದ ಭಾವನವರ ದನಿ ಬಂತು: "ವೇದದಾಗ ಲಾಜರನೂ ಸತ್ತು ಎದ್ದಾನ್ರಿ ನಲವತ್ನಾಕು! ಯಾಯೀರನ ಮಗಳೂ ಎದ್ದಾಳ! ಮಾವ ಬಂದು ನಿಂತಾನ, ಇವನೂ ಒಂದೀಟು ಏಳ್ಲಿ ಬಿಡ್ರಿ!"

ಗೊಲ್ಯಾತ ಎದ್ದ. ಕೈ ಜೋಡಿಸಿ ಟವೆಲ್ ಹೊದಿಸಿಕೊಂಡ, ಮಾವನ ಕಾಲಿಗೆ ಬಿದ್ದ, ಸಂತೋಷ ತಡೆಯದೆ ಇನ್ನೊಂದು ಸುತ್ತು ಕುಣಿದೂಬಿಟ್ಟ. ಸೆಕ್ರೆಟರಿಯವರ ಮುಖ ನೋಡಿ ಗೌಡರಿಗೆ ಏನು ಅರ್ಥವಾಯಿತೋ, ತಮಗೆ ಮರ್ಯಾದೆ ಆಗಲಿಲ್ಲವೆಂದು ಇವರು ಮುನಿಸಿಕೊಂಡಿರಬೇಕೆಂದು ತಿಳಿದರು. ಎರಡನೆಯ ಹಾರ ತರಿಸಿ, "ಬಳ್ಳಾರಿಯಿಂದ ಬಂದ ದೊಡ್ಡ ಸಾಹೇಬರಿಗೆ!" ಎಂದು ಸಾರಥಿಯಿಂದ ಕೂಗಿಸಿ ಅವರ ಕೊರಳಿಗೇ ಹಾಕಿಸಿದರು. ಜನ ಚಪ್ಪಾಳೆ ಹೊಡೆದರು. ಸೆಕ್ರೆಟರಿಯವರು ಕೂತರು. ಆ ಮನುಷ್ಯನಿಗೆ ಅಷ್ಟು ವರ್ಷದಲ್ಲಿ ಯಾರೂ ಹಾರ ಹಾಕಿರಲಿಲ್ಲವೆಂದು ಕಾಣುತ್ತದೆ. ಕೈ ಮತ್ತೆ ಮತ್ತೆ ಹೂವಿನ ಮೇಲೆ ಹೋಗುತ್ತಿತ್ತು; ವೇದ ಮಡಿಲಲ್ಲಿ ತಾನಾಗಿಯೇ ಮುಚ್ಚಿಕೊಂಡಿತು.

ಈಗ ಗೊಲ್ಯಾತ ಮತ್ತೆ ಸಾಯಬೇಕಲ್ಲ! ಬಟ್ಟೆಯುಂಡೆ ಎಲ್ಲಿ ಹೋಯಿತೋ. ನನ್ನ ಮಗಳು ಸುತ್ತ ನೋಡಿದಳು. ಮಾವನ ತಟ್ಟೆಯಿಂದ ಬೆಲ್ಲದ ಅಚ್ಚು ತೆಗೆದು ಕವಣೆಗಿಟ್ಟು ಬೀಸಿದಳು. ಗೊಲ್ಯಾತ ಎರಡನೆಯ ಸಲ ಇನ್ನೂ ಚೆನ್ನಾಗಿ ಸತ್ತ. ಆದರೆ ಸತ್ತವನ ದವಡೆ ಬಹಳ ಹೊತ್ತು ಆಡುತ್ತಿತ್ತು. ಬೆಲ್ಲ ಬಾಯಿಯ ಹತ್ತಿರವೇ ಬಿದ್ದಿದ್ದರೆ ಯಾರು ಬಿಡುತ್ತಾರೆ?

ನಗೆ ಇಳಿಯುವ ಹೊತ್ತಿಗೆ ಯಾರೋ ಕೂಗಿದರು: "ದಾವೀದನ ಆಯೇರ ಯಾರದ್ರಿ? ಗೆದ್ದವಗ ಇಲ್ಲೇನು?"

ಸಾರಥಿ ಕಾದ. ಜನ ತಿರುತಿರುಗಿ ನೋಡಿದರು. ನನಗೆ ಒಡಹುಟ್ಟಿದವರಿಲ್ಲ, ನನ್ನ ಮಗಳಿಗೆ ಸೋದರಮಾವ ಎಲ್ಲಿಂದ ಬರಬೇಕು? ನನ್ನ ಹಿಂದೆ ಕೂತ ಒಬ್ಬಳು, "ಅದು ಹುಡುಗೀಯಂತಬೇ. ಆಟದಾಗ ಹುಡುಗೀಗೆ ಯಾರು ಮಾಡ್ತಾರ?" ಎಂದಳು. ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ರಂಗದ ಮೇಲೆ ನನ್ನ ಮಗಳು ಕವಣೆ ಜೋತುಬಿಟ್ಟುಕೊಂಡು ನಿಂತೇ ಇದ್ದಳು. ರಾಕ್ಷಸನನ್ನು ಎರಡು ಸಲ ಕೆಡವಿದ ಹುಡುಗಿ ಈಗ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು.

ಪರದೆ ಸರಿಯಿತು. ಭಾವನವರು ಬಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಬಾಯಿಂದ ಸೂಜಿ ತೆಗೆದು ತಮ್ಮ ತಲೆಯ ರುಮಾಲಿಗೆ ಚುಚ್ಚಿದರು. ಆಯೇರಕ್ಕೆ ಬಟ್ಟೆ ಬೇಕು. ಮೈಮೇಲಿದ್ದದ್ದು ಒಂದೇ ಅಂಗಿ. ಗುಂಡಿ ಬಿಚ್ಚಿದರು, ತೆಗೆದರು, ಎರಡು ಸಲ ಜಾಡಿಸಿದರು, ನನ್ನ ಮಗಳ ಹೆಗಲಿಗೆ ಹೊದಿಸಿದರು.

ಒಳಗಿನ ಬನಿಯನ್ನು ಊರಿಗೆಲ್ಲ ಕಂಡಿತು. ಅದನ್ನು ಬನಿಯನ್ ಎನ್ನುವುದು ಮರ್ಯಾದೆಯ ಮಾತು. ತೂತುಗಳನ್ನು ದಾರ ಹಿಡಿದು ಕಟ್ಟಿದಂತಿತ್ತು. ಅರ್ಧ ಬಳ್ಳಾರಿಗೆ ಬಟ್ಟೆ ಹೊಲಿದ ಮನುಷ್ಯ! ಮುಂದಿನ ಸಾಲಿನವರು ನಕ್ಕರು. ಭಾವನವರೂ ನಕ್ಕರು. ಸಾರಥಿ ದೊಡ್ಡ ದನಿಯಲ್ಲಿ, "ದಾವೀದನ ಪಾತ್ರ ಹಿಡಿದ ಮಗಳಿಗೆ ದೊಡ್ಡಪ್ಪನಿಂದ ಒಂದು ಅಂಗೀ!" ಎಂದು ಸಾರಿದ. ಆಗ ನಗೆ ನಿಂತಿತು. ಗೌಡರು ಎದ್ದು ನಿಂತು ಕೈ ಮುಗಿದರು. ಮಗಳನ್ನು ಹೊಡೆಯುವುದಿತ್ತಲ್ಲ, ಅದು ನನಗೆ ಮರೆತುಹೋಯಿತು.

ಆಟ ಮುಗಿದ ಮೇಲೆ ಸೆಕ್ರೆಟರಿಯವರು ಹಾರ ತೆಗೆಯದೆಯೇ ತೀರ್ಪು ಹೇಳಿದರು. "ಹಬ್ಬ ನಡೀಲಿ. ನಾ ಅಡ್ಡ ಬರಂಗಿಲ್ಲ. ಆದ್ರ ಹುಡುಗ್ರು ಅಷ್ಟೇ. ಹರೇಕ ಬಂದ ಹೆಣ್ಮಕ್ಕಳು ಹತ್ತು ದಿನ ಮನಿ ಬಿಟ್ಟು ಇರ್ತಾವ, ಇವತ್ತು ರಂಗದ ಮ್ಯಾಲೂ ಬಂದ್ವು. ನಾಳೆ ಯಾರರ ಬಾಯಿ ಬಿಟ್ರ ಉತ್ತರ ಕೊಡೋನು ನಾನು. ಒಬ್ಬ ಸಂಸಾರಸ್ಥ ಹೆಣ್ಮಗಳು ಹತ್ತೂ ದಿನ ಅವರ ಜೋಡಿ ಇರತೀನಿ ಅಂದ್ರ ಮಾತು ಬ್ಯಾರೆ. ನಾಳೆ ಕಮಿಟಿ ಐತಿ. ಅದರೊಳಗ ಹೆಸರು ಕೊಡ್ರಿ. ಇಲ್ಲಂದ್ರ ಹುಡುಗೇರ್ದು ಮುಗೀತು."

ಮೇ ತಿಂಗಳಲ್ಲಿ ಹತ್ತು ದಿನ ಒಲೆ ಬಿಟ್ಟು, ಗಂಡ ಮಕ್ಕಳನ್ನು ಬಿಟ್ಟು ಯಾವ ಹೆಂಗಸು ಬರುತ್ತಾಳೆ? ಅದು ಅವರಿಗೂ ಗೊತ್ತಿತ್ತು.

"ಹಂಗಾದ್ರ ಹಬ್ಬಾನೇ ಬ್ಯಾಡ್ರಿ," ಎಂದರು ಭಾವನವರು. "ಒಂದು ತೋಳಿನ ಅಂಗಿ ನಾ ಹೊಲಿಯಂಗಿಲ್ಲ."

ಬಳ್ಳಾರಿಗೆ ಲಾರಿಯಲ್ಲಿ ಬಂದೆವು. ಹುಡುಗಿಯರು ಹಾಡಲಿಲ್ಲ. ನನ್ನ ಮಗಳು ಆ ಅಂಗಿ ಹೊದ್ದುಕೊಂಡೇ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಭಾವನವರು ಲಾರಿಯ ಮೂಲೆಯಲ್ಲಿ ಎರಡೂ ಕೈ ಎದೆಗೆ ಕಟ್ಟಿಕೊಂಡು ಕೂತಿದ್ದರು. ಗಾಳಿಗೆಂದು ಮೊದಲು ತಿಳಿದೆ. ಅಲ್ಲ, ಹೆಂಗಸರು ಇದ್ದೆವಲ್ಲ, ತೂತುಗಳನ್ನು ಮುಚ್ಚಿಕೊಂಡಿದ್ದರು. ನನ್ನನ್ನು ಅವರು ಏನೂ ಕೇಳಲಿಲ್ಲ. ಕೇಳುವ ಮನುಷ್ಯರೂ ಅಲ್ಲ. ಊರಿನ ಮಕ್ಕಳಿಗೆಲ್ಲ ಬೇಕಾದ್ದನ್ನು ಬಾಯಿಬಿಟ್ಟು ಕೇಳಿ ತಂದವರು, ತಮಗೆ ಬೇಕಾದ್ದನ್ನು ಒಂದು ದಿನವಾದರೂ ಕೇಳಿದ್ದನ್ನು ನಾನು ಕಾಣೆ.

ಮರುದಿನ ಬೆಳಿಗ್ಗೆ, ಯಾರೂ ಏಳುವ ಮೊದಲು, ಸೆರಗು ಹೊದ್ದು ಸೆಕ್ರೆಟರಿಯವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದರು.

"ಹೆಸರು ತಂದೀನ್ರಿ, ಬರ್ಕೋರಿ" ಎಂದೆ.

"ಯಾರದು?"

"ನಂದು."

ಅವರು ಕಡ್ಡಿ ಬಾಯಿಂದ ತೆಗೆದರು. "ನಿಮ್ಮ ಮನಿಯವ್ರು ಒಪ್ಯಾರೇನವಾ?"

"ಇನ್ನೂ ಮಲಗ್ಯಾರ್ರಿ. ಎದ್ದ ಮ್ಯಾಲ ಒಪ್ತಾರ."

ಅವರು ಒಳಗೆ ಹೋಗಿ ಕಾಗದ ತಂದು ಬರೆದರು. ಬರೆದದ್ದನ್ನು ಕೈಗೆ ಇಸಿದುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಅದು ನನ್ನ ಹೆಸರೇ ಹೌದೆಂದು ಖಾತ್ರಿ ಮಾಡಿಕೊಂಡು, ತಿರುಗಿ ಕೊಟ್ಟು ಮನೆಗೆ ಬಂದು ಒಲೆ ಹಚ್ಚಿದೆ.